ಇನ್ನೊಂದೇ ಒಂದು ಗೆಲುವು

ಚದುರಂಗವೆಂದರೆ ಬುದ್ಧಿಯ ಆಟವೆಂದು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದು 64 ಮನೆಗಳಲ್ಲಿಯೂ ಒಂದೊಂದು ಸಲ ಮಾತ್ರ ಕಾಲಿಟ್ಟು ಬರುವ ಹಾದಿಗಳನ್ನು ರಚಿಸಿದ್ದರು. ಅದು ಅಪ್ಪಟ ಬುದ್ಧಿಯ ಕೆಲಸ. ಅಲ್ಲಿ ಎದುರಾಳಿ ಇಲ್ಲ, ಗಡಿಯಾರ ಇಲ್ಲ, ಸೋಲೂ ಇಲ್ಲ. ಹಲಗೆಯ ಆಚೆ ಬದಿಗೆ ಇನ್ನೊಬ್ಬ ಮನುಷ್ಯ ಬಂದು ಕುಳಿತನೆಂದರೆ ಮಾತ್ರ ಕಥೆಯೇ ಬೇರೆಯಾಗುತ್ತದೆ. ಲೆಕ್ಕ ಹಾಕುವ ತಲೆಯ ಜೊತೆಗೆ ಹೆದರುವ, ಆಸೆಪಡುವ, ಸೇಡು ಬಯಸುವ ಮನಸ್ಸೂ ಆಟಕ್ಕೆ ಇಳಿಯುತ್ತದೆ.

ಬೇರೆ ಆಟಗಳಲ್ಲಿ ಸೋತವರಿಗೆ ಒಂದಿಷ್ಟು ಆಸರೆ ಇರುತ್ತದೆ. ಕ್ರಿಕೆಟ್‌ನಲ್ಲಿ ಪಿಚ್ ಕೆಟ್ಟದಿತ್ತು ಎನ್ನಬಹುದು, ಅಂಪೈರ್ ತಪ್ಪು ಮಾಡಿದರು ಎನ್ನಬಹುದು, ಜೊತೆಯವರು ಕ್ಯಾಚ್ ಬಿಟ್ಟರು ಎನ್ನಬಹುದು. ಇಸ್ಪೀಟಿನಲ್ಲಿ ಎಲೆ ಬೀಳಲಿಲ್ಲ ಎನ್ನಬಹುದು. ಚೆಸ್‌ನಲ್ಲಿ ಇದಾವುದೂ ಇಲ್ಲ. ಇಬ್ಬರಿಗೂ ಅಷ್ಟೇ ಕಾಯಿಗಳು, ಅಷ್ಟೇ ಮನೆಗಳು, ಎಲ್ಲವೂ ಕಣ್ಣೆದುರಿಗೇ. ಸೋತರೆ ಸೋತದ್ದು ನಾನು, ನನ್ನ ಯೋಚನೆ. ಹೀಗಾಗಿ ಚೆಸ್‌ನ ಸೋಲು ಉಳಿದ ಸೋಲುಗಳಿಗಿಂತ ಆಳವಾಗಿ ನಾಟುತ್ತದೆ. ಅಮೆರಿಕದ ಬಾಬಿ ಫಿಷರ್ 1971ರಲ್ಲಿ ದೂರದರ್ಶನ ಸಂದರ್ಶನವೊಂದರಲ್ಲಿ, ಈ ಆಟದಲ್ಲಿ ತಮಗೆ ಅತಿ ಹೆಚ್ಚು ಸಂತೋಷ ಕೊಡುವುದು ಎದುರಾಳಿಯ ಅಹಂಕಾರ ಮುರಿಯುವ ಕ್ಷಣವೆಂದು ಹೇಳಿಬಿಟ್ಟಿದ್ದರು. ಬಹಳ ಜನಕ್ಕೆ ಅದು ಒರಟು ಮಾತೆನಿಸಿತು. ಆದರೆ ಪಂದ್ಯಾವಳಿಗಳಲ್ಲಿ ಆಡಿದವರು ಅದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರರು.

ಇನ್ನೊಂದು ಸಂಗತಿಯಿದೆ. ಓಡುವವನ ಆತಂಕ ಓಟದಲ್ಲಿ ಕರಗುತ್ತದೆ. ಕುಸ್ತಿಯವನ ಸಿಟ್ಟು ತೋಳಿನಲ್ಲಿ ಖರ್ಚಾಗುತ್ತದೆ. ಚೆಸ್ ಆಟಗಾರನಾದರೋ ಎದೆ ಡವಗುಟ್ಟುತ್ತಿರುವಾಗಲೂ ಗಂಟೆಗಟ್ಟಲೆ ಕದಲದೆ ಕುಳಿತಿರಬೇಕು, ಮುಖದಲ್ಲಿ ಏನನ್ನೂ ತೋರಗೊಡಬಾರದು. ಒಳಗಿನ ಒತ್ತಡಕ್ಕೆ ಹೊರಹೋಗುವ ದಾರಿಯೇ ಇಲ್ಲ.

ಇಂಥ ಒತ್ತಡ ಮನುಷ್ಯನನ್ನು ಏನು ಮಾಡಬಲ್ಲದೆಂಬುದಕ್ಕೆ 1984ರ ಸೆಪ್ಟೆಂಬರ್ 10ರಂದು ಮಾಸ್ಕೋದಲ್ಲಿ ಆರಂಭವಾದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಒಂದು ಕಡೆ ಚಾಂಪಿಯನ್ ಅನತೊಲಿ ಕಾರ್ಪೋವ್, ವಯಸ್ಸು 33. ಇನ್ನೊಂದು ಕಡೆ ಬಾಕುವಿನಿಂದ ಬಂದ 21 ವರ್ಷದ ಗ್ಯಾರಿ ಕಾಸ್ಪರೋವ್. ನಿಯಮ ಸರಳ: ಮೊದಲು ಆರು ಆಟ ಗೆದ್ದವರು ಚಾಂಪಿಯನ್. ಡ್ರಾ ಆದ ಆಟ ಲೆಕ್ಕಕ್ಕಿಲ್ಲ. ಒಟ್ಟು ಎಷ್ಟು ಆಟವೆಂಬ ಮಿತಿಯೂ ಇಲ್ಲ.

ಮೊದಲ ಒಂಬತ್ತು ಆಟಗಳು ಮುಗಿಯುವಷ್ಟರಲ್ಲಿ ಕಾರ್ಪೋವ್ ನಾಲ್ಕನ್ನು ಗೆದ್ದಿದ್ದರು, ಕಾಸ್ಪರೋವ್ ಒಂದನ್ನೂ ಗೆದ್ದಿರಲಿಲ್ಲ. ಇನ್ನೆರಡು ವಾರದಲ್ಲಿ ಎಲ್ಲ ಮುಗಿದೀತೆಂದು ನೋಡುವವರು ಎಣಿಸಿದರು. ಕಾಸ್ಪರೋವ್ ಅಲ್ಲಿಯವರೆಗೆ ಆಡುತ್ತಿದ್ದುದು ದಾಳಿಯ ಆಟ. ಕಾಯಿ ಬಲಿಕೊಟ್ಟು ಮುನ್ನುಗ್ಗುವುದು ಅವರ ಸ್ವಭಾವ. ಆ ಸ್ವಭಾವವೇ ತಮ್ಮನ್ನು ಮುಳುಗಿಸುತ್ತಿದೆಯೆಂದು ಅವರಿಗೆ ಅರಿವಾಯಿತು. ಗೆಲ್ಲುವ ಯೋಚನೆಯನ್ನು ಅವರು ಸದ್ಯಕ್ಕೆ ಮೂಟೆಕಟ್ಟಿ ಮೂಲೆಗಿಟ್ಟರು. ಸೋಲಬಾರದು, ಅಷ್ಟೇ. ಹತ್ತನೆಯ ಆಟ ಡ್ರಾ. ಹನ್ನೊಂದನೆಯದೂ ಡ್ರಾ. ಹೀಗೆಯೇ 26ನೆಯ ಆಟದವರೆಗೆ ಒಂದರ ಹಿಂದೊಂದು 17 ಡ್ರಾ!

ಕಾರ್ಪೋವ್ ಇಷ್ಟು ಡ್ರಾಗಳಿಗೆ ಒಪ್ಪಿದ್ದೇಕೆ? ನಾಲ್ಕು ಗೆಲುವಿನ ಮುನ್ನಡೆ ಇರುವವರು ಸ್ವಲ್ಪ ಸಾಹಸ ಮಾಡಿದ್ದರೆ, ಒಂದೆರಡು ಸೋತರೂ ಸಹ, ಇನ್ನೆರಡು ಗೆಲುವು ದಕ್ಕಿಸಿಕೊಳ್ಳಬಹುದಿತ್ತಲ್ಲವೇ? ಇಲ್ಲಿಯೇ ಮನಸ್ಸಿನ ಆಟ ಶುರುವಾಗುವುದು. ಅವರಿಗೆ ಬರೀ ಗೆಲುವು ಸಾಲದಾಗಿತ್ತು, ಆರು–ಸೊನ್ನೆಯ ಗೆಲುವು ಬೇಕಾಗಿತ್ತೆಂದು ಆಗಲೇ ಜನ ಆಡಿಕೊಂಡರು. ತಮ್ಮನ್ನು ಪದಚ್ಯುತಗೊಳಿಸಲು ಹುಟ್ಟಿದವನೆಂದು ಎಲ್ಲರೂ ಹೇಳುತ್ತಿದ್ದ ಹುಡುಗನನ್ನು ಮತ್ತೆ ಏಳದಂತೆ ಮಲಗಿಸುವ ಆಸೆ ಅದು. ಒಂದೂ ಸೋಲಬಾರದೆಂದು ಹಟ ತೊಟ್ಟವರು ಅಪಾಯಕ್ಕೆ ಕೈಹಾಕುವುದಿಲ್ಲ. ಎದುರಾಳಿ ತಾನಾಗಿ ತಪ್ಪುವುದನ್ನೇ ಕಾಯುತ್ತಾರೆ. ಕಾಸ್ಪರೋವ್ ತಪ್ಪುವುದನ್ನು ನಿಲ್ಲಿಸಿದ್ದರು. ಅಷ್ಟೇ ಅಲ್ಲ, ಜಗತ್ತಿನ ಅತ್ಯುತ್ತಮ ಆಟಗಾರನ ಎದುರು ದಿನಬಿಟ್ಟು ದಿನ ಕುಳಿತು ಉಚಿತವಾಗಿ ಪಾಠ ಹೇಳಿಸಿಕೊಳ್ಳುತ್ತಿದ್ದರು. ಕಾರ್ಪೋವ್ ಹೇಗೆ ಯೋಚಿಸುತ್ತಾರೆ, ಯಾವ ಸ್ಥಿತಿಯಲ್ಲಿ ಅವರಿಗೆ ಇರಿಸುಮುರಿಸಾಗುತ್ತದೆ, ಎಲ್ಲವೂ ತಿಳಿಯುತ್ತ ಹೋಯಿತು.

27ನೆಯ ಆಟವನ್ನು ಕಾರ್ಪೋವ್ ಗೆದ್ದರು. ಐದು–ಸೊನ್ನೆ. ಇನ್ನೊಂದೇ ಒಂದು ಗೆಲುವು ಸಾಕು.

ಆ ಒಂದು ಗೆಲುವು ಬರಲೇ ಇಲ್ಲ. ಡಿಸೆಂಬರಿನಲ್ಲಿ 32ನೆಯ ಆಟವನ್ನು ಕಾಸ್ಪರೋವ್ ಗೆದ್ದರು. ಮತ್ತೆ 14 ಡ್ರಾಗಳು. ಈ ನಡುವೆ 41ನೆಯ ಆಟದಲ್ಲಿ ಕಾರ್ಪೋವ್‌ಗೆ ಗೆಲುವಿನ ದಾರಿಯೇ ತೆರೆದಿತ್ತು. ಅವರ ಕಣ್ಣಿಗೆ ಬೀಳಲಿಲ್ಲ. ಮಾಸ್ಕೋದ ಚಳಿಗಾಲ ಕಳೆಯುತ್ತ ಬಂತು. ಪಂದ್ಯವನ್ನು ಭವ್ಯವಾದ ಸ್ತಂಭ ಸಭಾಂಗಣದಿಂದ ಎಬ್ಬಿಸಿ ಒಂದು ಹೋಟೆಲಿಗೆ ಸಾಗಿಸಬೇಕಾಯಿತು. ಮೊದಲೇ ಸಣಕಲು ಮೈಯವರಾದ ಕಾರ್ಪೋವ್ ಹತ್ತು ಕಿಲೋ ಇಳಿದಿದ್ದಾರೆಂದು ಪತ್ರಿಕೆಗಳು ಬರೆದವು. ತೂಕ ಹಾಕಿ ನೋಡಿದವರು ಯಾರೋ ಕಾಣೆ. ಚಿತ್ರಗಳಲ್ಲಿ ಅವರ ಕೆನ್ನೆ ಬತ್ತಿದ್ದುದಂತೂ ನಿಜ. 1985ರ ಜನವರಿಯ ಕೊನೆಗೆ 47ನೆಯ ಆಟ, ಫೆಬ್ರವರಿಯಲ್ಲಿ 48ನೆಯ ಆಟ, ಎರಡೂ ಕಾಸ್ಪರೋವ್ ಪಾಲಾದವು. ಐದು–ಮೂರು.

ಫೆಬ್ರವರಿ 15ರಂದು ವಿಶ್ವ ಚೆಸ್ ಸಂಸ್ಥೆಯಾದ ಫಿಡೆಯ ಅಧ್ಯಕ್ಷ, ಫಿಲಿಪೀನ್ಸ್‌ನ ಫ್ಲೊರೆನ್ಸಿಯೊ ಕ್ಯಾಂಪೊಮಾನೆಸ್, ಪಂದ್ಯವನ್ನು ಫಲಿತಾಂಶವಿಲ್ಲದೆ ನಿಲ್ಲಿಸಿದರು. ಆಟಗಾರರು ಬಳಲಿದ್ದಾರೆಂಬುದು ಅವರು ಕೊಟ್ಟ ಕಾರಣ. ಆಟಗಾರರಿಬ್ಬರೂ ಮುಂದುವರಿಸಲು ಸಿದ್ಧವೆಂದೇ ಹೇಳಿದರು! ಐದು ತಿಂಗಳು, 48 ಆಟ, ಅದರಲ್ಲಿ 40 ಡ್ರಾ. ನಿಲ್ಲಿಸಿದ್ದು ಯಾರ ಲಾಭಕ್ಕೆಂಬ ವಾದ ಬಹುಕಾಲ ನಡೆಯಿತು. ನನಗೇನೋ ಆ ವಾದಕ್ಕಿಂತ, ಐದನೆಯ ಗೆಲುವಿನ ನಂತರದ 21 ಆಟಗಳಲ್ಲಿ ಕಾರ್ಪೋವ್‌ಗೆ ಒಂದೂ ಗೆಲ್ಲಲಾಗಲಿಲ್ಲವೆಂಬ ಸಂಗತಿಯೇ ಹೆಚ್ಚು ಕುತೂಹಲಕರವೆನಿಸುತ್ತದೆ.

ಏಕೆಂದರೆ ಅವರಿಗೆ ಹೀಗಾದದ್ದು ಮೊದಲ ಸಲವಲ್ಲ. 1978ರಲ್ಲಿ ಫಿಲಿಪೀನ್ಸ್‌ನ ಬಾಗಿಯೊ ನಗರದಲ್ಲಿ ವಿಕ್ಟರ್ ಕೊರ್ಚ್ನಾಯ್ ಎದುರು ಇದೇ ಆರು ಗೆಲುವಿನ ನಿಯಮದಲ್ಲಿ ಕಾರ್ಪೋವ್ ಆಡಿದ್ದರು. ಕೊರ್ಚ್ನಾಯ್ ಎರಡು ವರ್ಷದ ಹಿಂದೆ ಸೋವಿಯತ್ ಒಕ್ಕೂಟ ಬಿಟ್ಟು ಓಡಿಬಂದವರು. ಅವರ ಹೆಂಡತಿ, ಮಗ ಇನ್ನೂ ಅಲ್ಲಿಯೇ ಇದ್ದರು. ಹೀಗಾಗಿ ಅದು ಆಟವಾಗಿ ಉಳಿದಿರಲಿಲ್ಲ. ಎರಡನೆಯ ಆಟದ ನಡುವೆ ಕಾರ್ಪೋವ್‌ಗೆ ಒಂದು ಬಟ್ಟಲು ಮೊಸರು ಬಂತು. ಅದರಲ್ಲಿ ಏನಾದರೂ ಸಂಕೇತವಿರಬಹುದೆಂದು ಎದುರು ಪಾಳಯ ದೂರು ಕೊಟ್ಟಿತು. ಸೋವಿಯತ್ ತಂಡದ ಜೊತೆ ಬಂದಿದ್ದ ಮನಶ್ಶಾಸ್ತ್ರಜ್ಞ ವ್ಲಾದಿಮಿರ್ ಜುಖಾರ್ ಪ್ರೇಕ್ಷಕರ ನಡುವೆ ಕುಳಿತು ಕೊರ್ಚ್ನಾಯ್‌ರನ್ನೇ ದಿಟ್ಟಿಸಿ ನೋಡುತ್ತಿದ್ದರು. ಕೊರ್ಚ್ನಾಯ್ ಕನ್ನಡಿಯಂತೆ ಹೊಳೆಯುವ ಕನ್ನಡಕ ಹಾಕಿಕೊಂಡು ಕುಳಿತರು. ಸಾಲದೆಂದು ಭಾರತ ಮೂಲದ ಆನಂದಮಾರ್ಗದ ಇಬ್ಬರು ಅನುಯಾಯಿಗಳನ್ನು ಧ್ಯಾನ ಕಲಿಸಲು ಕರೆಸಿಕೊಂಡರು. ಓದುವಾಗ ನಗು ಬರುತ್ತದೆ. ಆದರೆ ಇಬ್ಬರೂ ಅತ್ಯಂತ ಬುದ್ಧಿವಂತರು, ಮೂಢರಲ್ಲ. ಒತ್ತಡ ಮೀರಿದಾಗ ಬುದ್ಧಿವಂತರಿಗೂ ಮೊಸರಿನ ಬಟ್ಟಲು ಬೆದರುಬೊಂಬೆಯಾಗುತ್ತದೆ.

ಅಲ್ಲಿಯೂ 27ನೆಯ ಆಟ ಗೆದ್ದು ಕಾರ್ಪೋವ್ ಐದು–ಎರಡರಲ್ಲಿದ್ದರು. ಇನ್ನೊಂದೇ ಒಂದು ಗೆಲುವು. ಮುಂದಿನ ನಾಲ್ಕು ಆಟಗಳಲ್ಲಿ ಮೂರನ್ನು ಸೋತರು! ಐದು–ಐದು ಆಯಿತು. ಆಮೇಲೆ 32ನೆಯ ಆಟವನ್ನು ಗೆದ್ದು ಪಟ್ಟ ಉಳಿಸಿಕೊಂಡರು. ಇಲ್ಲಿ ಗಮನಿಸಬೇಕಾದದ್ದೇನೆಂದರೆ, ಮುನ್ನಡೆಯೆಲ್ಲ ಕರಗಿ, ಕಳೆದುಕೊಳ್ಳಲು ಏನೂ ಉಳಿಯದಿದ್ದಾಗ ಅವರು ಮತ್ತೆ ಚೆನ್ನಾಗಿ ಆಡಿದರು. ಬಾಗಿಲು ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದಾಗ ಕಾಲು ತೊಡರುತ್ತದೆ. ಕೈಯಲ್ಲಿರುವುದನ್ನು ಕಾಪಾಡಿಕೊಳ್ಳುವ ಚಿಂತೆ ಬಂದೊಡನೆ, ಗೆಲ್ಲಬೇಕೆಂಬ ಹಂಬಲ ಸೋಲಬಾರದೆಂಬ ಭಯವಾಗಿ ತಿರುಗುತ್ತದೆ. ಹೊರಗಿನಿಂದ ಎರಡೂ ಒಂದೇ ಹಾಗೆ ಕಾಣುತ್ತವೆ. ಮೊದಲನೆಯದು ಹೊಸ ನಡೆಗಳನ್ನು ಹುಡುಕಿಸುತ್ತದೆ. ಎರಡನೆಯದು ಕಣ್ಣೆದುರಿನ ನಡೆಯನ್ನೂ ಮರೆಮಾಡುತ್ತದೆ.

1985ರ ಸೆಪ್ಟೆಂಬರಿನಲ್ಲಿ ಕಾರ್ಪೋವ್–ಕಾಸ್ಪರೋವ್ ಮತ್ತೆ ಮಾಸ್ಕೋದಲ್ಲೇ ಎದುರಾದರು. ಈ ಸಲ 24 ಆಟಗಳ ಮಿತಿ. 23 ಆಟಗಳಾದಾಗ ಕಾಸ್ಪರೋವ್‌ಗೆ 12 ಅಂಕ, ಕಾರ್ಪೋವ್‌ಗೆ 11. ಕೊನೆಯ ಆಟ ಗೆದ್ದರೆ ಕಾರ್ಪೋವ್ ಪಟ್ಟ ಉಳಿಯುತ್ತಿತ್ತು. ಬಿಳಿ ಕಾಯಿಗಳು ಅವರವೇ. ನಿಧಾನವಾಗಿ ಹಿಂಡಿ ಗೆಲ್ಲುವವರು ಅಂದು ತಮ್ಮದಲ್ಲದ ನೇರ ದಾಳಿಗೆ ಇಳಿದರು; ಇಳಿದು, ನುಗ್ಗಲೇಬೇಕಾದ ಘಟ್ಟದಲ್ಲಿ ಅನುಮಾನಿಸಿ ನಿಂತರು. ಆ ಆಟವನ್ನೂ ಕಾಸ್ಪರೋವ್ ಗೆದ್ದು ನವೆಂಬರ್ 9ರಂದು, 22ನೆಯ ವಯಸ್ಸಿನಲ್ಲಿ, ವಿಶ್ವ ಚಾಂಪಿಯನ್ ಆದರು.

ವಿಧಿಯ ತಮಾಷೆ ನೋಡಿ, ಎರಡೇ ವರ್ಷದಲ್ಲಿ ಅದೇ ಇಕ್ಕಟ್ಟು ಕಾಸ್ಪರೋವ್ ಕುತ್ತಿಗೆಗೆ ಬಂತು. 1987ರ ಡಿಸೆಂಬರ್, ಸ್ಪೇನ್‌ನ ಸೆವಿಲ್ ನಗರ. 23ನೆಯ ಆಟದಲ್ಲಿ ಲೆಕ್ಕ ತಪ್ಪಿ ಕಾಸ್ಪರೋವ್ ಸೋತರು. ಕಾರ್ಪೋವ್ 12, ಕಾಸ್ಪರೋವ್ 11. ಕೊನೆಯ ಆಟ ಗೆಲ್ಲದಿದ್ದರೆ ಪಟ್ಟ ಹೋಯಿತು. ಇಂಥ ಸೋಲಿನ ಮರುದಿನವೇ ಮತ್ತೆ ಹಲಗೆಯ ಮುಂದೆ ಕೂರುವುದೆಂದರೇನೆಂದು ಊಹಿಸಿಕೊಳ್ಳಿ. ಗೆಲ್ಲಲೇಬೇಕು ಎಂದಾಗ ಯಾರಾದರೂ ಮಾಡುವುದೇನು? ಎದ್ದುಬಿದ್ದು ಮೇಲೆ ಬೀಳುವುದು. ದಾಳಿಯಲ್ಲೇ ಹೆಸರು ಮಾಡಿದ ಕಾಸ್ಪರೋವ್ ಅದನ್ನು ಮಾಡಲಿಲ್ಲ. ಬಹಳ ಸಾಧುವಾದ ಆರಂಭ ಹೂಡಿದರು. ಅವಸರವಿಲ್ಲ, ಬಲಿದಾನವಿಲ್ಲ, ಕಾಯಿಗಳನ್ನು ಬೇಗ ಬದಲಾಯಿಸಿಕೊಳ್ಳದೆ ಹಲಗೆ ತುಂಬ ಇರಗೊಟ್ಟರು. ಅವರ ಎಣಿಕೆ ಸರಿಯಾಗಿತ್ತು. ಒಂದು ಡ್ರಾ ಸಾಕಾಗಿದ್ದ ಕಾರ್ಪೋವ್‌ಗೆ ಬೇಗ ಮುಗಿದರೆ ಸಾಕೆನಿಸುತ್ತಿರುತ್ತದೆ, ಮುಗಿಯದೆ ಎಳೆದಷ್ಟೂ ಅವರ ಮನಸ್ಸು ಸಡಿಲವಾಗುತ್ತದೆ. ಹಾಗೆಯೇ ಆಯಿತು. ಯೋಚನೆಯಲ್ಲಿ ಕಾಲ ಕಳೆದು ಕಾರ್ಪೋವ್ ಗಡಿಯಾರದ ಒತ್ತಡಕ್ಕೆ ಸಿಕ್ಕರು.

ಆಟ ಒಂದೇ ದಿನದಲ್ಲಿ ಮುಗಿಯಲಿಲ್ಲ. ಆಗಿನ ಪದ್ಧತಿಯಂತೆ ಗೊತ್ತಾದ ಹೊತ್ತಿಗೆ ಆಟ ನಿಲ್ಲಿಸಿ, ಮುಂದಿನ ನಡೆಯನ್ನು ಚೀಟಿಯಲ್ಲಿ ಬರೆದು ಲಕೋಟೆಯಲ್ಲಿ ಮುಚ್ಚಿ ಪಂಚರ ಕೈಗೆ ಕೊಡುತ್ತಿದ್ದರು. ಕಾಸ್ಪರೋವ್‌ಗೆ ಒಂದು ಕಾಲಾಳು ಹೆಚ್ಚಿತ್ತು, ಅಷ್ಟೇ. ಗೆಲುವು ಖಚಿತವೂ ಅಲ್ಲ, ಡ್ರಾ ಖಚಿತವೂ ಅಲ್ಲ. ಆ ಒಂದು ರಾತ್ರಿ ಇಬ್ಬರೂ ಹೇಗೆ ಕಳೆದಿರಬೇಕು! ಮರುದಿನ ಕಾಸ್ಪರೋವ್ ಕಾಯಿಗಳನ್ನು ಅತ್ತಿತ್ತ ಸರಿಸುತ್ತ, ಯಾವ ಆತುರವನ್ನೂ ತೋರದೆ ಹಿಂಡಿದರು. 64ನೆಯ ನಡೆಯಾದ ಮೇಲೆ ಕಾರ್ಪೋವ್ ಸೋಲೊಪ್ಪಿದರು. 12–12, ಪಟ್ಟ ಕಾಸ್ಪರೋವ್ ಬಳಿಯೇ ಉಳಿಯಿತು. ಗೆಲ್ಲಲೇಬೇಕಾಗಿದ್ದ ದಿನ ಅವರು ಆಡಿದ್ದು ಕಾರ್ಪೋವ್‌ರ ಆಟವನ್ನು. ಮಾಸ್ಕೋದ ಆ 48 ಆಟಗಳ ಶಾಲೆಯಲ್ಲಿ ಕಲಿತದ್ದೆಂದರೆ ತಪ್ಪಾಗಲಾರದು.

ಲಕೋಟೆಯ ಪದ್ಧತಿ ಈಗಿಲ್ಲ. ಗಣಕಯಂತ್ರ ಬಂದ ಮೇಲೆ ಅರ್ಧಕ್ಕೆ ನಿಂತ ಆಟಕ್ಕೆ ಅರ್ಥವೇ ಉಳಿಯಲಿಲ್ಲ. ತಯಾರಿಯಲ್ಲಿ ಯಂತ್ರ ಎಷ್ಟು ಸಹಾಯ ಮಾಡಿದರೂ ಹಲಗೆಯ ಮುಂದೆ ಕೂರುವುದು ಮಾತ್ರ ಮನುಷ್ಯನೇ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಚಾಂಪಿಯನ್ ಡಿಂಗ್ ಲಿರೆನ್ ಮತ್ತು ಚೆನ್ನೈನ 18 ವರ್ಷದ ದೊಮ್ಮರಾಜು ಗುಕೇಶ್ ಹದಿನಾಲ್ಕನೆಯ, ಕೊನೆಯ ಆಟಕ್ಕೆ ಕುಳಿತಾಗ ಇಬ್ಬರಿಗೂ ಆರೂವರೆ ಅಂಕಗಳಿದ್ದವು. ಡಿಂಗ್ 2023ರಲ್ಲಿ ಪಟ್ಟ ಗೆದ್ದ ಮೇಲೆ ಖಿನ್ನತೆ, ಬಳಲಿಕೆಗಳಿಂದ ನರಳಿದ್ದನ್ನು ತಾವೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದವರು. ಬಿಳಿ ಕಾಯಿಗಳಿದ್ದರೂ ಅವರು ಅಂದು ಬಯಸಿದ್ದು ಡ್ರಾ. ಮರುದಿನದ ತ್ವರಿತ ಆಟಗಳಲ್ಲಿ ನೋಡಿಕೊಳ್ಳೋಣವೆಂಬ ಆಲೋಚನೆ. ಒಂದೊಂದೇ ಕಾಯಿ ಬದಲಾಗುತ್ತ ಹಲಗೆ ಖಾಲಿಯಾಯಿತು. ಗುಕೇಶ್‌ಗೆ ಒಂದು ಕಾಲಾಳು ಹೆಚ್ಚಿತ್ತು, ಆದರೂ ಸ್ಥಿತಿ ಡ್ರಾ ಎಂದೇ ಎಲ್ಲರೂ ನಂಬಿದ್ದರು. ಗುಕೇಶ್ ಮಾತ್ರ ಆಡುತ್ತಲೇ ಹೋದರು.

55ನೆಯ ನಡೆಯಲ್ಲಿ ಡಿಂಗ್ ಆನೆಗೆ ಆನೆ ಒಡ್ಡಿದರು. ಆನೆಗಳು ಹೋದರೆ ಆಟ ಇನ್ನೂ ಸರಳವಾಗುತ್ತದೆ, ಮುಗಿಯುತ್ತದೆ ಎನಿಸಿರಬೇಕು. ಆದರೆ ಅವರ ಒಂಟೆ ಮೂಲೆಮನೆಯಲ್ಲಿತ್ತು. ಆನೆಗಳು ಹೋದೊಡನೆ ಗುಕೇಶ್ ತಮ್ಮ ಒಂಟೆಯನ್ನು ಎದುರಿಗೆ ತಂದು ನಿಲ್ಲಿಸಿದರೆ ಅದಕ್ಕೆ ತಪ್ಪಿಸಿಕೊಳ್ಳುವ ದಾರಿಯಿಲ್ಲ; ಒಂಟೆಗಳೂ ಹೋಗಿ ರಾಜ ಮತ್ತು ಕಾಲಾಳುಗಳಷ್ಟೇ ಉಳಿದರೆ ಹೆಚ್ಚಿನ ಕಾಲಾಳು ಗೆದ್ದೇ ಗೆಲ್ಲುತ್ತದೆ. ಗುಕೇಶ್‌ಗೆ ಅದು ಹೊಳೆಯಿತು. ಅವರ ಮುಖ ನೋಡಿಯೇ ಜಗತ್ತಿಗೂ ತಿಳಿಯಿತು. ಸ್ವಲ್ಪ ಹೊತ್ತಿನಲ್ಲಿ ಡಿಂಗ್ ಕೈಚಾಚಿ ಸೋಲೊಪ್ಪಿದರು. ಏಳೂವರೆ–ಆರೂವರೆ. ಇತಿಹಾಸದ ಅತಿ ಕಿರಿಯ ಚಾಂಪಿಯನ್ ಕುಳಿತಲ್ಲೇ ಕಣ್ಣೀರಿಟ್ಟರು. ಆಮೇಲೆ, ಕಣ್ಣು ಇನ್ನೂ ಒದ್ದೆಯಿರುವಾಗಲೇ, ಕಾಯಿಗಳನ್ನೆಲ್ಲ ಒಂದೊಂದಾಗಿ ಎತ್ತಿ ಮೊದಲಿನಂತೆ ಅವುಗಳ ಮನೆಗಳಲ್ಲಿ ಜೋಡಿಸಿಟ್ಟರು.