ಕಾಯಿದೆಯೂ ಎರೆಭೂತವೂ

ನಶಿಸುತ್ತಿರುವ ಪ್ರಾಣಿಪಕ್ಷಿಗಳ ರಕ್ಷಣೆಗೋಸ್ಕರ ೧೯೭೨ರಲ್ಲಿ ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯಾಯಿತು. ಅದರಿಂದ ಪ್ರಯೋಜನವಾಯಿತೇ ಎಂದು ಕೇಳಿದರೆ, ಹೂಡಿದ ಮೊಕದ್ದಮೆಗಳನ್ನೂ ವಿಧಿಸಿದ ಜುಲ್ಮಾನೆಗಳನ್ನೂ ಎಣಿಸಿ ಉತ್ತರ ಹೇಳುವವರುಂಟು. ಆ ಲೆಕ್ಕವನ್ನು ನಾವು ಒಪ್ಪಲಾರೆವು. ಕಾಯಿದೆ ಯಾವ ಪ್ರಾಣಿಗಾಗಿ ಹುಟ್ಟಿತೋ ಆ ಪ್ರಾಣಿಯನ್ನೇ ಎಣಿಸಬೇಕು.

ಹುಲಿಯನ್ನು ಎಣಿಸಿದರೆ ಸಮಾಧಾನವಾಗುತ್ತದೆ. ೧೯೭೨ರ ಗಣತಿಯಲ್ಲಿ ೧,೮೨೭ ಹುಲಿಗಳಿದ್ದುವು; ೨೦೨೨ರ ಅಂದಾಜು ೩,೬೮೨. ಹಿಂದೆ ಹೆಜ್ಜೆಗುರುತನ್ನು ನೋಡಿ ಎಣಿಸುತ್ತಿದ್ದರು, ಈಗ ಕ್ಯಾಮರಾ ಕಟ್ಟಿ ಎಣಿಸುತ್ತಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಹುಲಿ ಉಳಿದಿದೆ. ೧೯೭೩ರಿಂದ ಬಂಡೀಪುರವೇ ಮೊದಲಾದ ಕಾಡುಗಳನ್ನು ಅದಕ್ಕೆಂದೇ ಮೀಸಲಿಟ್ಟು, ಕಾವಲುಗಾರರನ್ನೂ ಹಣವನ್ನೂ ಒದಗಿಸಿದುದರ ಫಲವಿದು. ಕಾವಲು ಸಡಿಲವಾದ ಸರಿಸ್ಕಾದಲ್ಲಿ, ಅದೇ ಕಾಯಿದೆಯಿದ್ದೂ, ೨೦೦೫ರ ವೇಳೆಗೆ ಒಂದು ಹುಲಿಯೂ ಉಳಿದಿರಲಿಲ್ಲ.

ಆ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿಯೊಡನೆ ಎರೆಭೂತವೂ ಇದೆ. ಶ್ರೋತೃಗಳಲ್ಲಿ ಅನೇಕರು ಈ ಹಕ್ಕಿಯನ್ನು ಕಂಡಿರಲಾರರು. ಮೂರಡಿ ಎತ್ತರ, ಭಾರವಾದ ಮೈ; ಬಯಲು ಹುಲ್ಲುಗಾವಲಿನಲ್ಲಿ ವಾಸ; ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ೧೯೬೯ರಲ್ಲಿ ಸುಮಾರು ೧,೨೬೦ ಇದ್ದುವೆಂದು ಅಂದಾಜು. ೨೦೧೮ರ ವೇಳೆಗೆ ನೂರೈವತ್ತೂ ಇರಲಿಲ್ಲ.

ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಎರೆಭೂತವನ್ನು ಹೊಡೆದವನಿಗೆ ಮೂರು ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸ. ಅಭಯಾರಣ್ಯದ ಹೊರಗೆ ಅದು ಮೇಯುವ ಬಯಲನ್ನು ಉತ್ತವನಿಗೆ ಶಿಕ್ಷೆಯಿಲ್ಲ. ಕಂದಾಯದ ಕಡತಗಳಲ್ಲಿ ಇಂಥ ನೆಲಕ್ಕೆ ಎಷ್ಟೋ ಕಡೆ ‘ಖರಾಬು’ ಎಂದೇ ಹೆಸರು. ೧೯೭೪ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವೇರ್ಪಟ್ಟಿತು. ಎರೆಭೂತಕ್ಕೂ ಅದು ನೆಲೆಯಾಗಿದ್ದಿತು. ಆದರೆ ಅಲ್ಲಿನ ಬಯಲನ್ನು ನೀಲಗಿರಿ ಮರಗಳು ತುಂಬಿದುವು. ಮರ ನೆಡುವುದೆಲ್ಲ ಪುಣ್ಯವೆಂದು ನಂಬಿದ ನಮಗೆ ಇದು ವಿಚಿತ್ರವಾಗಿ ತೋರಬಹುದು. ದೂರದ ದಿಗಂತವನ್ನು ನೋಡುತ್ತ ಬಾಳುವ ಹಕ್ಕಿಗೆ ಆ ನೆರಳು ಬೇಕಿರಲಿಲ್ಲ. ಎರೆಭೂತ ಅಲ್ಲಿಂದ ಮರೆಯಾಯಿತು.

ಈಗ ಈ ಹಕ್ಕಿಗಳಲ್ಲಿ ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರಿನ ಕಡೆ ಇವೆ. ಅಲ್ಲಿಯ ಶತ್ರು ವಿದ್ಯುತ್ತಿನ ತಂತಿ. ಎರೆಭೂತಕ್ಕೆ ಎದುರಿನ ನೋಟ ಕಿರಿದು. ತಂತಿ ಕಂಡಾಗ ಆ ಭಾರದ ಮೈಯನ್ನು ಥಟ್ಟನೆ ತಿರುಗಿಸಲಾರದು. ತಂತಿಗಳನ್ನು ನೆಲದೊಳಗೆ ಹಾಯಿಸಬೇಕೆಂದು ೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಸೂರ್ಯಶಕ್ತಿಯೂ ದೇಶಕ್ಕೆ ಅವಶ್ಯಕವೆಂಬ ವಾದವನ್ನು ಕೇಳಿ, ೨೦೨೪ರಲ್ಲಿ ಆ ಆಜ್ಞೆಯನ್ನು ಸಡಲಿಸಿ, ಪರಿಣತರ ಸಮಿತಿಯೊಂದಕ್ಕೆ ವಿಷಯವನ್ನು ಒಪ್ಪಿಸಿತು. ಎರಡು ಕಡೆಯ ವಾದದಲ್ಲಿಯೂ ಹುರುಳಿಲ್ಲದಿಲ್ಲ.

ಈ ನಡುವೆ, ೨೦೧೯ರಿಂದ, ಅಲ್ಲಿಯ ಸಾಕಣೆ ಕೇಂದ್ರಗಳಲ್ಲಿ ಮೊಟ್ಟೆಗಳಿಗೆ ಕಾವು ಕೊಟ್ಟು ಮರಿಮಾಡಿಸುತ್ತಿದ್ದಾರೆ. ಮರಿಗಳು ಚೆನ್ನಾಗಿ ಬೆಳೆಯುತ್ತಿವೆ. ಅವನ್ನು ಬಿಡುವುದಕ್ಕೆ ತಂತಿಯಿಲ್ಲದ ಬಯಲು ಬೇಕು.