ಉಳಿ ಕಟ್ಟಿದ ಕೈಗಳು

ಕಡೂರು, ತರೀಕೆರೆ, ಅಜ್ಜಂಪುರ ಭಾಗದ ನಮ್ಮ ಕಥೋಲಿಕ ಕುಟುಂಬಗಳಿಗೆ ಅಮೃತಾಪುರ ಅಪರಿಚಿತ ಸ್ಥಳವಲ್ಲ. ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳನ ಆಳ್ವಿಕೆಯಲ್ಲಿ, 1196ರಲ್ಲಿ ನಿರ್ಮಾಣವಾದ ಅಲ್ಲಿನ ಅಮೃತೇಶ್ವರ ದೇಗುಲದಲ್ಲಿ ರೂವಾರಿ ಮಲ್ಲಿತಮ್ಮನ ಕೈಚಳಕವನ್ನು ಕಾಣಬಹುದು. ಆ ದೇಗುಲದ ಬಳಪದ ಕಲ್ಲಿನಂತಹುದೇ ಮೃದುಶಿಲೆಯಲ್ಲಿ ದೂರದ ಬ್ರೆಜಿಲ್ ದೇಶದ ಕಥೋಲಿಕ ಶಿಲ್ಪಿಯೊಬ್ಬನು ಪ್ರವಾದಿಗಳನ್ನು ಕಡೆದನು. ಆತನ ಕೈಗಳ ಕಥೆಯನ್ನು ಈ ವಾರ ಓದುಗರ ಮುಂದಿಡುತ್ತಿದ್ದೇವೆ.

ಅಂತೋನಿಯೊ ಫ್ರಾನ್ಸಿಸ್ಕೊ ಲಿಸ್ಬೊವಾ ಹುಟ್ಟಿದ್ದು 18ನೆಯ ಶತಮಾನದ ಪೂರ್ವಾರ್ಧದಲ್ಲಿ, ಇಂದಿನ ಓರೊ ಪ್ರೆತೊ ನಗರದಲ್ಲಿ. ತಂದೆ ಪೋರ್ಚುಗೀಸ್ ವಾಸ್ತುಶಿಲ್ಪಿ. ತಾಯಿ ಆಫ್ರಿಕಾ ಮೂಲದ ಗುಲಾಮ ಸ್ತ್ರೀ. ಸುಮಾರು 1777ರಿಂದ ಆತನ ದೇಹವನ್ನು ವ್ಯಾಧಿಯೊಂದು ವಿರೂಪಗೊಳಿಸತೊಡಗಿತು. ಅದು ಕುಷ್ಠವೇ, ಬೇರೆ ರೋಗವೇ ಎಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ. 1858ರಲ್ಲಿ ಬ್ರೆಟಾಸ್ ಎಂಬವರು ಬರೆದ ಜೀವನಚರಿತ್ರೆಯ ಪ್ರಕಾರ, ಕಾಲ್ಬೆರಳುಗಳನ್ನು ಕಳೆದುಕೊಂಡ ಆತ ಮೊಣಕಾಲೂರಿ ಚಲಿಸುತ್ತಿದ್ದನು. ಬೆರಳು ಮುರುಟಿದ ಕೈಗಳಿಗೆ ಉಳಿ, ಸುತ್ತಿಗೆಗಳನ್ನು ಸಹಾಯಕರು ಕಟ್ಟುತ್ತಿದ್ದರು. ಇದರಲ್ಲಿ ಉತ್ಪ್ರೇಕ್ಷೆಯುಂಟೆಂದು ಕೆಲವು ಇತಿಹಾಸಕಾರರು ಶಂಕಿಸುತ್ತಾರೆ. ಜನರು ಮಾತ್ರ ಆತನನ್ನು 'ಅಲೆಜಾದಿನ್ಯೊ', ಅಂದರೆ 'ಪುಟ್ಟ ಹೆಳವ' ಎಂದೇ ಕರೆದರು.

ಆ ಹೆಳವನೇ ಕೊಂಗೊನ್ಯಸ್ ಪುಣ್ಯಕ್ಷೇತ್ರಕ್ಕಾಗಿ 1796ರಿಂದ 1799ರವರೆಗೆ ತನ್ನ ಶಿಷ್ಯರೊಡನೆ ಯೇಸುಸ್ವಾಮಿಯ ಯಾತನೆಯ ದೃಶ್ಯಗಳನ್ನು 60ಕ್ಕೂ ಮಿಕ್ಕಿದ ದೇವದಾರು ವಿಗ್ರಹಗಳಲ್ಲಿ ಮೂಡಿಸಿದನು. ಬಳಿಕ 1800ರಿಂದ 1805ರವರೆಗೆ, ಅರವತ್ತು ದಾಟಿದ ವಯಸ್ಸಿನಲ್ಲಿ, ದೇವಾಲಯದ ಮೆಟ್ಟಿಲುಗಳ ಇಕ್ಕೆಲದಲ್ಲಿ 12 ಪ್ರವಾದಿಗಳನ್ನು ಕಲ್ಲಿನಲ್ಲಿ ನಿಲ್ಲಿಸಿದನು. ಅವರಲ್ಲಿ ಕೆಲವರ ಅಂಗಾಂಗಗಳ ಅಳತೆ ಸಹಜವಾಗಿಲ್ಲ. ಕೆಳಗಿನಿಂದ ನೋಡುವ ಭಕ್ತನ ಕಣ್ಣಿಗೆ ಹೊಂದುವಂತೆ ಹಾಗೆ ಮಾಡಿದ್ದಾನೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಮೆಟ್ಟಿಲು ಹತ್ತುವವರನ್ನು ಮೊದಲು ಎದುರುಗೊಳ್ಳುವವರಲ್ಲಿ ಒಬ್ಬನು ಯೆಶಾಯ; ರೂಪವಿಲ್ಲದ, ಜನರು ಮುಖ ತಿರುಗಿಸಿಕೊಂಡ ನೊಂದ ಸೇವಕನನ್ನು ಕುರಿತು ನುಡಿದ ಪ್ರವಾದಿ. ಯುನೆಸ್ಕೊ ಈ ಕ್ಷೇತ್ರವನ್ನು 1985ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ನಾಡಿನಲ್ಲೂ ಇಂತಹ ಶಿಲ್ಪಿಯ ಕಥೆಯಿದೆ. ತುಮಕೂರು ಬಳಿಯ ಕೈದಾಳದಲ್ಲಿ, ತಾನೇ ಕಡಿದುಕೊಂಡಿದ್ದ ಕೈಯನ್ನು ಜಕಣಾಚಾರಿ ಮರಳಿ ಪಡೆದನೆಂದು ಐತಿಹ್ಯ ಹೇಳುತ್ತದೆ. ಅಲೆಜಾದಿನ್ಯೊಗೆ ಕೈ ಮರಳಿ ಬರಲಿಲ್ಲ. 1814ರ ನವೆಂಬರ್ 18ರಂದು ಆತನು ಅದೇ ದೇಹದೊಡನೆ ಪ್ರಭುವಿನ ಸನ್ನಿಧಿ ಸೇರಿದನು.

ಆತನಿಗೆ ಉಳಿ ಕಟ್ಟುತ್ತಿದ್ದವನು ಮೌರಿಸಿಯೊ. ಅವನೂ ಗುಲಾಮನೇ ಎಂಬುದನ್ನು ನಾವು ಮರೆಯಲಾಗದು. ಶಿಲ್ಪಿ ತನ್ನ ಗಳಿಕೆಯಲ್ಲಿ ಅವನಿಗೂ ಪಾಲು ಕೊಡುತ್ತಿದ್ದನೆಂದು ಬ್ರೆಟಾಸ್ ಬರೆದಿದ್ದಾರೆ. ಆ ಕೈಗಳಲ್ಲಿ ವಿದ್ಯೆಯಿತ್ತು, ಕಟ್ಟುವವನೊಬ್ಬನು ಬೇಕಿತ್ತು. ನಮ್ಮ ಧರ್ಮಕೇಂದ್ರಗಳ ಮನೆಗಳಲ್ಲೂ ನೆಂಟರು ಬಂದಾಗ ಒಳಕೋಣೆಯಲ್ಲಿ ಉಳಿಯುವ, ಹಬ್ಬದ ಬಲಿಪೂಜೆಗೆ ಕರೆತರಲು ಹೆತ್ತವರು ಸಂಕೋಚಪಡುವ ಮಕ್ಕಳಿದ್ದಾರೆ. ಅವರಿಗಾಗಿ ಪ್ರಾರ್ಥಿಸುತ್ತೇವೆ, ಆದರೆ ಗಾಯನವೃಂದದಲ್ಲಿ, ವಾಚನಪೀಠದಲ್ಲಿ, ಗೋದಲಿ ಕಟ್ಟುವ ಕೆಲಸದಲ್ಲಿ ಅವರಿಗೆ ಸ್ಥಳ ಕೊಟ್ಟಿದ್ದೇವೆಯೇ? ದೇವಾಲಯದ ಮೆಟ್ಟಿಲ ಬದಿಗೆ ಗಾಲಿಕುರ್ಚಿಗೊಂದು ಇಳಿಜಾರು ದಾರಿ ಮಾಡಿಸಿದ್ದೇವೆಯೇ? ಬರುವ ಭಾನುವಾರ ಅಂತಹ ಒಂದು ಮನೆಯ ಬಾಗಿಲು ತಟ್ಟಿ, ಮಗುವನ್ನು ಜೊತೆಗೆ ಕರೆತರೋಣ.