ಅಲುಗಾಡುವ ದೋಣಿಯೆಲ್ಲ ಮಗುಚುವುದಿಲ್ಲ

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹನ್ನೊಂದೂವರೆ ಅಡಿಯ ಹಸಿರು ಕಯಾಕ್ ಒಂದು ಗೋಡೆಗೆ ಒತ್ತಿಕೊಂಡು ಮಲಗಿದೆ. ಅದರ ಯಜಮಾನ ನನ್ನ ಗೆಳೆಯ, ಗಾಳದ ಹುಚ್ಚಿನವನು. ಆರನೇ ಮಹಡಿಯ ಬಾಲ್ಕನಿಯಲ್ಲಿ ಇಡುವುದೆಂದು ತಂದಿದ್ದ, ಲಿಫ್ಟಿನೊಳಗೆ ಹಿಡಿಸಲಿಲ್ಲ. ನೀರಿಗಿಳಿಸಿದ್ದು ಎರಡೇ ಸಲ. ಮೊದಲ ಸಲ ಬೆನ್ನು ಹಿಡಿಯಿತು. ಎರಡನೇ ಸಲ ಹಿಂದಿದ್ದ ಡಬ್ಬಿಗೆ ಕೈ ಚಾಚಿದವನು ದೋಣಿಸಮೇತ ಮಗುಚಿದ.

"ತುಂಬಾ ಸ್ಟೇಬಲ್ ಸಾರ್" ಎಂದು ಹೇಳಿ ಮಾರಿದ್ದರಂತೆ. ಅದು ಸುಳ್ಳೂ ಅಲ್ಲ. ಕೂತವರು ಯಾರು, ಹೇಗೆ ಕೂತರು, ಏನೇನು ಹೇರಿಕೊಂಡರು ಎಂದು ಕೇಳದೆ ಯಾವ ದೋಣಿಗೂ ಆ ಮಾತು ಹೇಳಲಾಗದು, ಅಷ್ಟೆ. ಮೀನು ಹಿಡಿಯಲು ಕಯಾಕ್ ಕೊಳ್ಳಹೊರಟವರ ತಲೆಯಲ್ಲಿ ಸಾಮಾನ್ಯವಾಗಿ ಕೂತಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: ಅಗಲ ಹೆಚ್ಚಿದಷ್ಟೂ ಒಳ್ಳೆಯದು

ಸತ್ಯ: ಅಗಲ ಬೇಕು, ಆದರೆ ಅದಕ್ಕೆ ಬೆಲೆ ಕಟ್ಟಬೇಕು. ಉಳಿದೆಲ್ಲ ಒಂದೇ ಆಗಿದ್ದರೆ, ಆಕಾರದಿಂದ ಬರುವ ಸ್ಥಿರತೆ ಅಗಲದ ಘನದ ಲೆಕ್ಕದಲ್ಲಿ ಏರುತ್ತದೆ. 28 ಇಂಚಿನ ದೋಣಿ 34 ಇಂಚಾದರೆ ಅಗಲ ಹೆಚ್ಚಿದ್ದು ಐದನೇ ಒಂದು ಭಾಗದಷ್ಟು. ಸ್ಥಿರತೆಯೋ ಮೊದಲಿನ ಸುಮಾರು 1.8 ಪಟ್ಟು. ಮೀನಿನ ಕಯಾಕ್‌ಗಳು 32ರಿಂದ 36 ಇಂಚು ಇರುವುದು ಇದಕ್ಕೇ.

ಬೆಲೆ ಏನೆಂದು ನಮ್ಮ ಹರಿಗೋಲೇ ಹೇಳುತ್ತದೆ. ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಕುದುರೆ, ಎತ್ತುಗಳನ್ನೂ ಅವು ಹೊರಬಲ್ಲವಂತೆ. ಆದರೆ ನೇರ ಹೋಗಲಾರದೆ ಸುತ್ತುತ್ತಲೇ ಇರುತ್ತವೆ ಎಂಬುದನ್ನೂ ಅವನು ಗಮನಿಸಿದ್ದ. ಉದ್ದದಷ್ಟೇ ಅಗಲವಿದ್ದರೆ ಆಗುವುದು ಇದೇ. ಇನ್ನೊಂದು ತುದಿಯಲ್ಲಿ ಗ್ರೀನ್‌ಲ್ಯಾಂಡಿನ ಇನುಯಿಟ್ ಬೇಟೆಗಾರರ ಕಯಾಕ್: ಸೊಂಟ ಹಿಡಿಸುವಷ್ಟೇ ಅಗಲ, ಬಾಣದ ಓಟ. ನಮಗೆ ಬೇಕಾದ್ದು ಇವೆರಡರ ನಡುವಿನದು. ತೀರಾ ಅಗಲವಾದರೆ ಹುಟ್ಟು ನೀರಿಗೆ ಎಟುಕದೆ ಭುಜ ಸೋಲುತ್ತದೆ. ಆಷಾಢದ ಗಾಳಿಗೆ ಎದುರಾಗಿ ದಡ ಸೇರುವಷ್ಟರಲ್ಲಿ ಸಾಕುಸಾಕಾಗುತ್ತದೆ.

ನಂಬಿಕೆ 2: ಕೂತ ಕೂಡಲೇ ಅಲುಗಾಡಿದರೆ ಅದು ಮಗುಚುವ ದೋಣಿ

ಸತ್ಯ: ಸ್ಥಿರತೆಯಲ್ಲಿ ಎರಡು ಬಗೆ. ಕೂತ ತಕ್ಷಣ ಅಲುಗದಿರುವುದು ಒಂದು. ಸಾಕಷ್ಟು ವಾಲಿದ ಮೇಲೂ ತಡೆದು ನಿಲ್ಲುವುದು ಇನ್ನೊಂದು. ಚಪ್ಪಟೆ ತಳದ ದೋಣಿ ನಿಂತ ನೀರಿನಲ್ಲಿ ಜಗಲಿಯ ಹಾಗೆ ಗಟ್ಟಿ. ಆದರೆ ಒಂದು ಹಂತ ದಾಟಿತೆಂದರೆ ಮುನ್ಸೂಚನೆ ಕೊಡದೆ ಕೈಬಿಡುತ್ತದೆ. ಅಲೆ ಅಡ್ಡ ಬಂದಾಗ ಅಲೆಯ ಇಳಿಜಾರಿನ ಜೊತೆಗೇ ವಾಲುತ್ತದೆ. ದುಂಡು ಅಂಚಿನ, ನಡುವೆ ತುಸು ಕೋನವಿರುವ ತಳ ಮೊದಲು ತೂಗುತ್ತದೆ, ಹೆದರಿಸುತ್ತದೆ, ಆಮೇಲೆ ಹಿಡಿದುಕೊಳ್ಳುತ್ತದೆ. ಕೆರೆ, ಜಲಾಶಯದ ಶಾಂತ ನೀರಿಗೆ ಚಪ್ಪಟೆ ಅಥವಾ ಜೋಡಿ ಉಬ್ಬಿನ ತಳ ಸರಿ. ಕರಾವಳಿಯ ಅಳಿವೆಗೆ ಹೋಗುವವರು ಎರಡನೇ ಬಗೆಯನ್ನು ಕೇಳಿ ಪಡೆಯಬೇಕು.

ನಂಬಿಕೆ 3: ಕುರ್ಚಿ ಎತ್ತರವಾದಷ್ಟೂ ಆರಾಮ

ಸತ್ಯ: ಬೆನ್ನಿಗೆ ಆರಾಮ, ದೋಣಿಗೆ ಕಷ್ಟ. ಕಯಾಕ್‌ನಲ್ಲಿ ಅತಿ ಭಾರದ ಸಾಮಾನು ಎಂದರೆ ನಾವೇ. ಸೊಂಟ ಒಂದು ಗೇಣು ಮೇಲೇರಿದರೆ ಇಡೀ ಜೋಡಿಯ ಗುರುತ್ವಕೇಂದ್ರ ಮೇಲೇರುತ್ತದೆ, ಅಗಲದಿಂದ ಗಳಿಸಿದ್ದರಲ್ಲಿ ಒಂದು ಪಾಲು ಕರಗುತ್ತದೆ. ನನ್ನ ಗೆಳೆಯ ಮೊದಲ ಸಲ ತಗ್ಗಿನ ಸೀಟಿನಲ್ಲಿ ಕಾಲು ನೀಡಿ ಕೂತು ಬೆನ್ನು ಕೆಡಿಸಿಕೊಂಡ. ಎರಡನೇ ಸಲ ಎತ್ತರದ ಕುರ್ಚಿ ಹಾಕಿಸಿಕೊಂಡು ಪಕ್ಕಕ್ಕೆ ತಿರುಗಿದ. ಎರಡು ಮಟ್ಟದಲ್ಲಿ ಕೂರಿಸಬಹುದಾದ ಬಲೆಬಟ್ಟೆಯ ಕುರ್ಚಿ ಇದ್ದರೆ ಒಳ್ಳೆಯದು: ಹುಟ್ಟು ಹಾಕುವಾಗ ಕೆಳಗೆ, ನಿಂತ ನೀರಿನಲ್ಲಿ ಗಾಳ ಬಿಟ್ಟು ಕಾಯುವಾಗ ಮೇಲೆ. ಮೊಣಕಾಲು ತುಸು ಮಡಿಚಿ ಪಾದಕ್ಕೆ ಒತ್ತು ಸಿಗುವಂತಿರಬೇಕು. ಆಫೀಸಿನ ಕುರ್ಚಿಗೆ ಹತ್ತು ಸಲ ದೂರು ಕೊಡುವ ನಾವು ಅಂಗಡಿಯಲ್ಲಿ ಕಯಾಕ್ ಕುರ್ಚಿಯ ಮೇಲೆ ಅರ್ಧ ಗಂಟೆ ಕೂತು ನೋಡಲು ನಾಚಿಕೊಳ್ಳಬಾರದು.

ನಂಬಿಕೆ 4: 160 ಕಿಲೋ ಎಂದು ಬರೆದಿದ್ದರೆ 160 ಕಿಲೋ ಹೇರಬಹುದು

ಸತ್ಯ: ಅಷ್ಟು ಹೇರಿದರೂ ತೇಲಬಹುದು, ತೇಲುವುದು ಬೇರೆ, ನೆಟ್ಟಗೆ ಸಾಗುವುದು ಬೇರೆ. ಬರೆದ ಮಿತಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಸಾಕು ಎಂಬುದು ಕಯಾಕ್ ಬಳಸುವವರ ಲೆಕ್ಕ. 160ಕ್ಕೆ 112 ಕಿಲೋ. ಗೆಳೆಯನ ಪಟ್ಟಿ ನೋಡಿ: ತಾನು 84, ಐಸ್ ಡಬ್ಬಿ ಮತ್ತು ಕುಡಿಯುವ ನೀರು 12, ರಾಡು ಮತ್ತು ಗಾಳದ ಸಾಮಾನು 6, ಬ್ಯಾಟರಿ 4, ಲಂಗರು 3, ಲೈಫ್ ಜಾಕೆಟ್ ಮತ್ತು ಬಟ್ಟೆಬರೆ 2. ಒಟ್ಟು 111. ಮೀನಿಗೆಂದು ಉಳಿದದ್ದು ಒಂದು ಕಿಲೋ! ಭಾರದ ವಸ್ತು ತಳಕ್ಕೆ, ನಡುವಿಗೆ ಇರಬೇಕು. ಪದೇ ಪದೇ ಬೇಕಾಗುವ ಡಬ್ಬಿ ಎದುರಿಗಿರಬೇಕು, ಬೆನ್ನ ಹಿಂದಲ್ಲ.

ನಂಬಿಕೆ 5: ತಳದಲ್ಲಿ ತೂತಿದ್ದರೆ ಮುಳುಗುತ್ತದೆ

ಸತ್ಯ: ಮೇಲೆ ಕೂರುವ ಬಗೆಯ ಕಯಾಕ್‌ನಲ್ಲಿ ಆ ತೂತುಗಳು ಬೇಕೆಂದೇ ಇಟ್ಟವು. ಒಳಗಿನ ಪೊಳ್ಳಿಗೂ ಅವಕ್ಕೂ ಸಂಬಂಧವಿಲ್ಲ. ನಾವು ಕೂರುವ ಜಾಗ ನೀರಿನ ಮಟ್ಟಕ್ಕಿಂತ ಮೇಲಿರುವುದರಿಂದ ಒಳಬಂದ ನೀರು ಅಲ್ಲಿಂದಲೇ ಇಳಿದುಹೋಗುತ್ತದೆ. ಕೂತಾಗ ತೂತಿನಿಂದ ನೀರು ಉಕ್ಕಿ ನಿಂತರೆ ದೋಣಿ ಕೆಟ್ಟಿದೆಯೆಂದಲ್ಲ, ಭಾರ ಹೆಚ್ಚಾಯಿತೆಂದು ತಿಳಿಯಬೇಕು.

ನಂಬಿಕೆ 6: ಗಾಳಿ ತುಂಬುವ ಕಯಾಕ್ ಮಕ್ಕಳ ಆಟಿಕೆ

ಸತ್ಯ: ಈಜುಕೊಳದ ಬೊಂಬೆಗೂ ಇದಕ್ಕೂ ಹೋಲಿಕೆ ಇಲ್ಲ. ಒಳಗೆ ಸಾವಿರಾರು ಎಳೆಗಳು ಮೇಲ್ಪದರ ಕೆಳಪದರಗಳನ್ನು ಜಗ್ಗಿ ಹಿಡಿದಿರುವ ಒಳ್ಳೆಯ ಮಾದರಿ ಹಲಗೆಯಷ್ಟು ಬಿಗಿಯಾಗಿ ನಿಲ್ಲುತ್ತದೆ. ಗಾಳಿಯ ಕೋಣೆಗಳೂ ಒಂದಕ್ಕಿಂತ ಹೆಚ್ಚಿರುತ್ತವೆ. ಲಿಫ್ಟಿಗೆ ಹಿಡಿಸುತ್ತದೆ, ಡಿಕ್ಕಿಗೂ ಹಿಡಿಸುತ್ತದೆ. ಪ್ಲಾಸ್ಟಿಕ್ಕಿನ ಮೀನು ಕಯಾಕ್ ಮೂವತ್ತು ನಲವತ್ತು ಕಿಲೋ ತೂಗುತ್ತದೆ; ಕಾರಿನ ಮೇಲೇರಿಸಲು ಎರಡನೇ ಆಳು ಬೇಕು. ಆದರೆ ಹಗುರ ದೋಣಿಯನ್ನು ಗಾಳಿ ಎಲ್ಲಿಗೆ ಬೇಕೋ ಅಲ್ಲಿಗೆ ಒಯ್ಯುತ್ತದೆ. ಕೆರೆ ಏರಿಯ ಬಳ್ಳಾರಿ ಜಾಲಿಯ ಮೇಲೆ ಎಳೆದರೆ ಮಾತ್ರ ಯಾವ ಎಳೆಯೂ ಕಾಯದು.

ನಂಬಿಕೆ 7: ಈಜು ಬಂದರೆ ಲೈಫ್ ಜಾಕೆಟ್ ಬೇಡ

ಸತ್ಯ: ನಮ್ಮ ಕೆರೆಗಳಲ್ಲಿ ಈಜು ಬಲ್ಲವರನ್ನೂ ಹಿಡಿಯುವುದು ಹೂಳು, ಜೊಂಡು, ನೀರೊಳಗೆ ಕಟ್ಟಿಟ್ಟ ಬಲೆ. ಕಾಲು ಸಿಕ್ಕಿದರೆ ಕೈ ಬಡಿದಷ್ಟೂ ಸುತ್ತಿಕೊಳ್ಳುತ್ತದೆ. ಜಾಕೆಟ್ಟನ್ನು ಸೀಟಿನ ಹಿಂದೆ ಕಟ್ಟಿಟ್ಟು ಹೋಗುವವರು ಬಿದ್ದಾಗ ಅದು ದೋಣಿಯ ಜೊತೆ ತೇಲುತ್ತಿರುತ್ತದೆ.

ನಂಬಿಕೆ 8: ನೀರು ಕಂಡಲ್ಲಿ ಗಾಳ ಹಾಕಬಹುದು

ಸತ್ಯ: ನಮ್ಮ ಸುತ್ತಲಿನ ವೀರಸಂದ್ರ, ಬೊಮ್ಮಸಂದ್ರ, ಸಿಂಗಸಂದ್ರ ಎಂಬ ಹೆಸರುಗಳ ಬಾಲದ 'ಸಂದ್ರ' ಮೂಲದಲ್ಲಿ 'ಸಮುದ್ರ', ಅಂದರೆ ದೊಡ್ಡ ಕೆರೆ. 1970ರ ದಶಕದ ಕೊನೆಗೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ದೊಡ್ಡತೋಗೂರು, ಕೋನಪ್ಪನ ಅಗ್ರಹಾರಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟತೊಡಗುವ ಮೊದಲು ಈ ಸೀಮೆಯ ಬದುಕು ನಿಂತಿದ್ದೇ ಕೆರೆಗಳ ಮೇಲೆ. ಈಗ ಉಳಿದವುಗಳಲ್ಲಿ ಒಳಚರಂಡಿ, ಕಾರ್ಖಾನೆ ನೀರು ಸೇರಿದವು ಇವೆ. ಅಲ್ಲಿನ ಮೀನು ಅಡುಗೆಮನೆಗೆ ಬೇಡ. ಚೊಕ್ಕ ಕೆರೆಯಾದರೂ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರಬಹುದು. ಬಲೆ ಬಿಟ್ಟವರನ್ನು ಕೇಳದೆ ಇಳಿಯಬಾರದು.

ಕಾವೇರಿಯ ಕಥೆ ಇನ್ನೂ ಬಿಗಿ. ಇಲ್ಲಿನ ಗೂನುಬೆನ್ನಿನ ಮಹಶೀರ್, ನಮ್ಮವರ ಬಾಯಲ್ಲಿ ಬಿಳಿಮೀನು, 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರ ಗಾಳಕ್ಕೆ ಉಪನದಿ ಕಬಿನಿಯಲ್ಲಿ ಸಿಕ್ಕಾಗ 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. 2018ರಿಂದ ಅದೇ ಮೀನು ಐಯುಸಿಎನ್ ಪಟ್ಟಿಯಲ್ಲಿ ಅಳಿವಿನ ಅಂಚಿನಲ್ಲಿದೆ. ಒಂದು ಕಾಲಕ್ಕೆ ದೇಶವಿದೇಶದ ಗಾಳಗಾರರು ಬರುತ್ತಿದ್ದ ಭೀಮೇಶ್ವರಿ, ಗಾಳಿಬೋರೆಗಳ ವನ್ಯಧಾಮದ ನೀರಿನಲ್ಲಿ ಈಗ ಗಾಳದ ಆಟವಿಲ್ಲ.

ಅಲ್ಲಿ ಗಾಳ ಹಾಕುವವರನ್ನು ಹೊತ್ತೊಯ್ಯುತ್ತಿದ್ದುದು ತೆಪ್ಪ, ಅದೇ ಹರಿಗೋಲು. ತೆಪ್ಪ ಹತ್ತಿದವರಿಗೆ ನೆನಪಿರುತ್ತದೆ: ಹುಟ್ಟು ಮುಟ್ಟುವ ಮೊದಲು ಅಂಬಿಗ ಒಬ್ಬೊಬ್ಬರ ಗಾತ್ರವನ್ನು ಕಣ್ಣಲ್ಲೇ ತೂಗಿ, "ನೀವು ಈ ಕಡೆ ಬನ್ನಿ, ನೀವು ಕೆಳಗೆ ಕೂತ್ಕೊಳಿ" ಎಂದು ಜಾಗ ಹಂಚುತ್ತಾನೆ. ಗೆಳೆಯನಿಗೆ ಕಳೆದ ಭಾನುವಾರ ನಾನು ಹೇಳಿದ್ದೂ ಇಷ್ಟೇ. ಕುರ್ಚಿ ಒಂದು ಮೆಟ್ಟು ಇಳಿಸು, ಡಬ್ಬಿ ಮುಂದೆ ಇಡು, ಮೊದಲು ಸೊಂಟದ ಮಟ್ಟದ ನೀರಿನಲ್ಲಿ ಬೇಕೆಂದೇ ಮಗುಚಿ ಮತ್ತೆ ಹತ್ತಲು ಕಲಿ. ಹಸಿರು ಕಯಾಕ್ ಮಾರಾಟಕ್ಕಿಲ್ಲ ಎಂದು ಈಗ ಬೇಸ್‌ಮೆಂಟಿನಲ್ಲಿ ಸುದ್ದಿ.